ಡಬ್ಬಿ ಹೇಳಿದ್ದು, ಡ್ರೈವರ್ ಹೇಳಿದ್ದು

ನಮ್ಮ ಲಾರಿಗಳಿಗೆ ಜಿಪಿಎಸ್ ಡಬ್ಬಿ ಬಂದದ್ದು ಕಾಫಿ ಕಳುವಾದೀತೆಂಬ ಭಯದಿಂದ. 2024ರಲ್ಲಿ ಕಾಫಿ ಬೆಲೆ ಯಾವ ಮಟ್ಟಕ್ಕೆ ಏರಿತು ಅಂತ ಹಾಸನ, ಚಿಕ್ಕಮಗಳೂರಿನವರಿಗೆ ಹೇಳಬೇಕಾಗಿಲ್ಲ. ಲಾರಿಯ ಬೆಲೆಗಿಂತ ಅದರ ಬೆನ್ನ ಮೇಲಿನ ಚೀಲಗಳ ಬೆಲೆ ಜಾಸ್ತಿಯಾಗಿಬಿಟ್ಟಿತು. ಕಾಫಿ ಬೀಜದ ಸಿಪ್ಪೆ ತೆಗೆದು ಹದ ಮಾಡುವ ಹಾಸನದ ಕ್ಯೂರಿಂಗ್ ವರ್ಕ್ಸ್‌ನಿಂದ ಮಂಗಳೂರಿನ ಪಣಂಬೂರು ಬಂದರಿಗೆ ಮಾಲು ಕಳಿಸುವ ಪಾರ್ಟಿಗಳು, ಗಾಡಿ ಎಲ್ಲಿದೆ ಅಂತ ತಮ್ಮ ಫೋನಿನಲ್ಲೇ ಕಾಣಬೇಕು ಎಂದು ಪಟ್ಟು ಹಿಡಿದರು. ನಮ್ಮ ಓನರ್ ಒಪ್ಪಿದರು. ಡಬ್ಬಿ ಮಾರಲು ಬಂದವನು, ಇನ್ನೊಂದಿಷ್ಟು ಕೊಟ್ಟರೆ ಡ್ರೈವರ್ ಹೇಗೆ ಓಡಿಸ್ತಾನೆ ಅನ್ನೋ ರಿಪೋರ್ಟೂ ಬರುತ್ತೆ ಅಂದ. "ಅದೂ ಇರ್ಲಿ ಬಿಡಿ" ಅಂದರು ಓನರ್. ಹೀಗೆ, ಕಳ್ಳನಿಗಾಗಿ ತಂದ ಡಬ್ಬಿಯ ಜೊತೆ ಸುರಕ್ಷತೆ ಅನ್ನೋದು ಕೊಸರಾಗಿ ಬಂತು.

ಆ ರಿಪೋರ್ಟ್ ನೋಡುವ ಕೆಲಸ ನನ್ನ ಪಾಲಿಗೆ ಬಂತು. ಹಾಸನ-ಮಂಗಳೂರು ಲೈನಿನಲ್ಲಿ ವರ್ಷಗಟ್ಟಲೆ ಲಾರಿ ಓಡಿಸಿದವನು ನಾನು. ಕ್ಲಚ್ ತುಳಿದೂ ತುಳಿದೂ ಎಡ ಮಂಡಿ ಕೈಕೊಟ್ಟ ಮೇಲೆ ಆಫೀಸಿನ ಕುರ್ಚಿಗೆ ಬಂದೆ. ಡ್ರೈವರುಗಳು ಈಗಲೂ ಅಣ್ಣ ಅಂತಲೇ ಕರೆಯುತ್ತಾರೆ. ಅವರ ಮೇಲೆ ಕಣ್ಣಿಡುವ ಕಂಪ್ಯೂಟರ್ ನನ್ನ ಮುಂದೆ ಬಂದು ಕೂತಾಗ ಆ ಕರೆಯಲ್ಲಿ ಸ್ವಲ್ಪ ದಿನ ಉಪ್ಪು ಕಡಿಮೆಯಾಗಿತ್ತು, ಅಷ್ಟೇ.

ಡಬ್ಬಿ ಅಂದರೆ ಅಂಗೈ ಅಗಲದ ಕಪ್ಪು ಪೆಟ್ಟಿಗೆ. ಉಪಗ್ರಹದ ಸಂಕೇತ ಹಿಡಿಯುವ ರಿಸೀವರ್, ಒಂದು ಸಿಮ್, ಮೂರು ದಿಕ್ಕಿನ ಎಳೆತ ಅಳೆಯುವ ಆಕ್ಸಿಲರೋಮೀಟರ್, ಮೇನ್ ಲೈನ್ ಕಿತ್ತರೂ ಕೊಂಚ ಹೊತ್ತು ಉಸಿರಾಡಲು ಒಂದು ಚಿಕ್ಕ ಬ್ಯಾಟರಿ, ಇಷ್ಟು ಒಳಗಿರುತ್ತವೆ. ಹಳೇ ಲಾರಿಗಳಿಗೆ ಬ್ಯಾಟರಿ, ಇಗ್ನಿಷನ್, ಅರ್ತ್ ಎಂದು ಮೂರು ವೈರು ಸೇರಿಸಿದರೆ ಮುಗಿಯಿತು. 2020ರ ಏಪ್ರಿಲ್ ನಂತರದ, ಬಿಎಸ್-6 ಅನ್ನುವ ಹೊಗೆ ನಿಯಮದ ಗಾಡಿಗಳಲ್ಲಿ ಎಂಜಿನ್ನಿನ ಕಂಪ್ಯೂಟರಿಗೇ ಜೋಡಿಸಬಹುದು. ಆಗ ಆರ್‌ಪಿಎಂ, ಅಂದರೆ ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು ಎಷ್ಟು, ಆಕ್ಸಿಲರೇಟರ್ ಎಷ್ಟು ಒತ್ತಿದ್ದಾನೆ, ಡೀಸೆಲ್ ಎಷ್ಟು ಹೋಗ್ತಿದೆ ಅನ್ನೋದೂ ಕಾಣುತ್ತದೆ. ಬಸ್ಸು, ಟ್ಯಾಕ್ಸಿಗಳವರಿಗೆ ಇದು ಹೊಸದಲ್ಲ. 2019ರ ಜನವರಿ 1ರಿಂದ ನೋಂದಣಿಯಾಗುವ ಸಾರ್ವಜನಿಕ ಸೇವಾ ವಾಹನಗಳಿಗೆ ಎಐಎಸ್-140 ಗುಣಮಟ್ಟದ ಟ್ರ್ಯಾಕರ್ ಮತ್ತು ಪ್ಯಾನಿಕ್ ಬಟನ್ ಕಡ್ಡಾಯವಾಗಿದೆ. ಜೋರು ಬ್ರೇಕ್, ಜೋರು ಪಿಕಪ್, ಜೋರು ತಿರುವು ಇವು ಮೂರೂ ಆ ಗುಣಮಟ್ಟದ ಅಲರ್ಟ್ ಪಟ್ಟಿಯಲ್ಲೇ ಇವೆ. ಡಬ್ಬಿ ಕೂಗುತ್ತದೆ, ಆ ಕೂಗನ್ನು ಯಾರು ಕೇಳಿಸಿಕೊಂಡು ಏನು ಮಾಡಬೇಕು ಅನ್ನೋದು ಪಟ್ಟಿಯಲ್ಲಿಲ್ಲ.

ಶುರುವಿನಲ್ಲಿ ಅದು ಕೂಗಿದ ಪರಿ ನೋಡಬೇಕಿತ್ತು. ಬೆಳಗ್ಗೆ ಬಂದು ಕಂಪ್ಯೂಟರ್ ತೆರೆದರೆ ಪುಟ ತುಂಬ ಕೆಂಪು. ಡ್ರೈವರುಗಳು ಅದಕ್ಕೆ ಸಿಐಡಿ ಡಬ್ಬಿ ಅಂತ ಹೆಸರಿಟ್ಟರು. ಒಬ್ಬ ವೈರು ಕಿತ್ತ. ಕಿತ್ತ ಕೂಡಲೇ ಅದರದ್ದೂ ಒಂದು ಅಲರ್ಟ್ ಬಂತು. ಇನ್ನೊಬ್ಬ ಬಿರಿಯಾನಿ ಪಾರ್ಸೆಲ್ಲಿನ ಫಾಯಿಲ್ ತಂದು ಡಬ್ಬಿಗೆ ಸುತ್ತಿದ. ಕ್ಯಾಬಿನ್ನಿನ ಬಜರ್ ಮೇಲೆ ಟೇಪ್ ಅಂಟಿಸಿದವರಂತೂ ಹಲವರು. ನನಗೆ ಅವರ ಮೇಲೆ ಕೋಪ ಬರಲಿಲ್ಲ. ಹಂಪ್ ಹಾರಿದರೂ, ಗುಂಡಿಗೆ ಬಿದ್ದರೂ, ಹಾಸನದ ಎನ್.ಆರ್. ವೃತ್ತದಲ್ಲಿ ಸ್ಕೂಟಿ ಅಡ್ಡ ಬಂದರೂ ಕೀಂ ಅನ್ನುವ ಯಂತ್ರದ ಜೊತೆ ರಾತ್ರಿಯೆಲ್ಲ ಕೂತಿರೋದು ಸುಲಭವಲ್ಲ.

ಆ ಸಾಫ್ಟ್‌ವೇರ್ ಪ್ರತಿ ಡ್ರೈವರಿಗೂ ನೂರಕ್ಕೆ ಇಷ್ಟು ಅಂತ ಅಂಕ ಕೊಡುತ್ತಿತ್ತು. ಓನರ್ ಅದನ್ನು ಪ್ರಿಂಟ್ ತೆಗೆಸಿ ಗೋಡೆಗೆ ಅಂಟಿಸಿದರು. ಮೇಲಿನ ಹೆಸರು ಹಾಸನ-ಅರಸೀಕೆರೆ ಲೋಕಲ್ ಲೋಡ್ ಹೊಡೆಯುವ ಹೊಸ ಹುಡುಗನದು. ಕಟ್ಟಕಡೆಯ ಹೆಸರು ಅರಕಲಗೂಡು ಕಡೆಯ ನಮ್ಮ ಹಿರಿಯ ಡ್ರೈವರದು. ಎಲ್ಲರೂ ದೊಡ್ಡಣ್ಣ ಅನ್ನುವ, ಮಳೆಗಾಲದ ರಾತ್ರಿಯಲ್ಲೂ ಶಿರಾಡಿ ಘಾಟಿ ಇಳಿಸಲು ಓನರ್ ಕಣ್ಣುಮುಚ್ಚಿ ನಂಬುವ ಮನುಷ್ಯ. ದೊಡ್ಡಣ್ಣ ಗೋಡೆ ನೋಡಿದರು, ಏನೂ ಅನ್ನಲಿಲ್ಲ. ಹೊರಗೆ ಬಂದು ಬೀಡಿ ಹಚ್ಚಿದ ಮೇಲೆ ಅಂದರು: "ಅಣ್ಣ, ಆ ಹುಡ್ಗ ಒಂದ್ಸಲ ಮಾರನಹಳ್ಳಿ ಇಳಿಸ್ಲಿ. ಆಮೇಲೆ ಮಾರ್ಕ್ಸ್ ಹಾಕಿ."

ಅವರ ಮಾತಿನಲ್ಲಿ ಲೆಕ್ಕವಿತ್ತು. ಡಬ್ಬಿ ಜೋರು ಬ್ರೇಕ್ ಅನ್ನೋದನ್ನು ಹೀಗೆ ಗುರುತಿಸುತ್ತದೆ: ವೇಗ ಒಂದು ಸೆಕೆಂಡಿನಲ್ಲಿ ಹತ್ತು ಹನ್ನೊಂದು ಕಿಲೋಮೀಟರಿನಷ್ಟು ಕುಸಿದರೆ ಅದು 0.3 ಜಿ, ಅಂದರೆ ಭೂಮಿಯ ಸೆಳೆತದ ಹತ್ತರಲ್ಲಿ ಮೂರು ಪಾಲು. ಭಾರೀ ವಾಹನಕ್ಕೆ ಗೆರೆ ಎಳೆಯುವುದು ಸಾಮಾನ್ಯವಾಗಿ ಆ ಆಸುಪಾಸಿನಲ್ಲೇ. ಬಯಲು ಸೀಮೆಯ ನೇರ ರಸ್ತೆಯಲ್ಲಿ ಇಂಥ ಬ್ರೇಕ್ ಪದೇ ಪದೇ ಬಿದ್ದರೆ, ಡ್ರೈವರ್ ಮುಂದಿನ ಗಾಡಿಗೆ ಅಂಟಿಕೊಂಡು ಓಡಿಸುತ್ತಾನೆ ಅಂತ ಅರ್ಥ. ಘಾಟಿಯಲ್ಲಿ ಅದೇ ಅಲರ್ಟಿಗೆ ಹತ್ತು ಅರ್ಥ. ನಮ್ಮವರು ಓಡಿಸಿದ ರಸ್ತೆಯೇ ಬೇರೆ ಬೇರೆ, ತೂಗುವ ತಕ್ಕಡಿ ಮಾತ್ರ ಒಂದೇ. ದಾರಿ ದಾರಿಗೆ ಬೇರೆ ಗೆರೆ ಎಳೆಯದೆ ಆ ಪಟ್ಟಿ ಗೋಡೆಯ ಮೇಲಿರಬಾರದು ಅಂದೆ. ಓನರ್ ಸ್ವಲ್ಪ ಗೊಣಗಿ ಕಿತ್ತರು.

ವೇಗದ್ದೂ ಇದೇ ಕಥೆ. ಲಾರಿಗೆ ಹೇಗೂ 80ರ ಸ್ಪೀಡ್ ಗವರ್ನರ್ ಇರುತ್ತದೆ. ಓವರ್‌ಸ್ಪೀಡ್ ಅಲರ್ಟನ್ನೂ ಅಷ್ಟಕ್ಕೇ ಇಟ್ಟರೆ ಹಿರೀಸಾವೆ, ಚನ್ನರಾಯಪಟ್ಟಣದ ಚತುಷ್ಪಥದಲ್ಲಿ ಮಾತ್ರ ಅದು ಎಂದಾದರೊಮ್ಮೆ ಕೂಗೀತು. ದೇಶದಲ್ಲಿ 2022ರಲ್ಲಿ 4,61,312 ರಸ್ತೆ ಅಪಘಾತಗಳಾಗಿ 1,68,491 ಜನ ಸತ್ತರು, ಆ ಸಾವುಗಳಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಅತಿವೇಗದ ಲೆಕ್ಕಕ್ಕೆ ಬಿದ್ದವು ಅನ್ನುತ್ತದೆ ಕೇಂದ್ರ ಸಾರಿಗೆ ಸಚಿವಾಲಯದ ವರದಿ. ಅತಿವೇಗ ಅಂದ ಕೂಡಲೇ ಎಲ್ಲರ ಕಣ್ಣಿಗೆ ಬರೋದು ನೂರು, ನೂರಿಪ್ಪತ್ತು. ನಮ್ಮ ಲೈನಿನಲ್ಲಿ ಜನ ಸಾಯೋದು ಮೂವತ್ತೈದರಲ್ಲಿ.

ಇದನ್ನು ಡ್ರೈವರುಗಳಿಗೆ ಹೇಳಲು ಒಂದು ಹಾಳೆ ಪೆನ್ನು ಸಾಕಾಯಿತು. ಇಪ್ಪತ್ತು ಮೀಟರ್ ತ್ರಿಜ್ಯದ ತಿರುವು ಅಂತ ಇಟ್ಟುಕೊಳ್ಳಿ. ಗಂಟೆಗೆ 20 ಕಿ.ಮೀ.ನಲ್ಲಿ ತಿರುಗಿಸಿದರೆ ಗಾಡಿಯನ್ನು ಹೊರಕ್ಕೆ ತಳ್ಳುವ ಬಲ ಸುಮಾರು 0.16 ಜಿ. ಅದೇ ತಿರುವನ್ನು 30ರಲ್ಲಿ ತೆಗೆದರೆ 0.35. ವೇಗ ಒಂದೂವರೆ ಪಟ್ಟಾದರೆ ತಳ್ಳಾಟ ಎರಡೂಕಾಲು ಪಟ್ಟು. ಎತ್ತರಕ್ಕೆ ಚೀಲ ಪೇರಿಸಿದ ಲಾರಿ 0.4 ಜಿ ಸುತ್ತಮುತ್ತಲೇ ಮಗುಚುವ ಅಂಚಿಗೆ ಬರಬಹುದು. ಹಾಗಾಗಿ ಇಪ್ಪತ್ತಕ್ಕೂ ಮೂವತ್ತಕ್ಕೂ ನಡುವೆ ಇರುವುದು ಬರೀ ಹತ್ತು ಕಿಲೋಮೀಟರ್ ಅಲ್ಲ. ಶಿರಾಡಿಯನ್ನು 2015ರಲ್ಲೂ 2018ರಲ್ಲೂ ತಿಂಗಳುಗಟ್ಟಲೆ ಮುಚ್ಚಿ ಕಾಂಕ್ರೀಟ್ ಹಾಕಿದ ಮೇಲೆ ಗುಂಡಿಯೇನೋ ಹೋಯಿತು, ಆದರೆ ಮೊದಲು ಗುಂಡಿಯೇ ಕಾಯುತ್ತಿದ್ದ ವೇಗವನ್ನು ಈಗ ಡ್ರೈವರೇ ಕಾಯಬೇಕು. ನಾವು ದಾರಿಯನ್ನು ತುಂಡು ಮಾಡಿ ನಕ್ಷೆಯ ಮೇಲೆ ಗೆರೆ ಎಳೆದೆವು. ಸಕಲೇಶಪುರ ಪೇಟೆಗೆ ಒಂದು ವೇಗ, ಆನೆಮಹಲ್‌ನಿಂದ ದೋಣಿಗಾಲ್‌ಗೆ ಒಂದು, ಮಾರನಹಳ್ಳಿಯಿಂದ ಘಾಟಿಯ ಬುಡದ ಗುಂಡ್ಯದ ತನಕ ಇನ್ನೊಂದು. ಅಂಕಿ ಇಟ್ಟಿದ್ದು ನಾನಲ್ಲ, ದೊಡ್ಡಣ್ಣ ಮತ್ತು ಇನ್ನಿಬ್ಬರು ಹಳಬರು. ಡಬಲ್ ಟರ್ನ್‌ಗೆ ಅವರು ಇಟ್ಟ ಅಂಕಿ ನಾನು ಮನಸ್ಸಿನಲ್ಲಿ ಅಂದುಕೊಂಡದ್ದಕ್ಕಿಂತ ಕಡಿಮೆ ಇತ್ತು.

ಇನ್ನು ನ್ಯೂಟ್ರಲ್ ವಿಷಯ. ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ಇಡೀ ಪ್ರಯೋಗದಲ್ಲಿ ಡಬ್ಬಿ ತನ್ನ ಬೆಲೆ ದುಡಿದಿದ್ದು ಇಲ್ಲಿ.

ಬಿಎಸ್-6 ಗಾಡಿಗಳ ಗ್ರಾಫ್ ನೋಡುತ್ತಿದ್ದಾಗ ಒಂದು ಕಡೆ ವಿಚಿತ್ರ ಕಂಡಿತು. ಘಾಟಿ ದಾರಿಯ ಹೆಗ್ಗದ್ದೆ ದಾಟಿದ ಮೇಲೆ ವೇಗದ ಗೆರೆ ಮೇಲೇರುತ್ತಿದೆ, ಆರ್‌ಪಿಎಂ ಗೆರೆ ಮಾತ್ರ ಆರುನೂರು ಏಳುನೂರರಲ್ಲಿ ಮಲಗಿದೆ. ಚಕ್ರ ಓಡುತ್ತಿದೆ, ಎಂಜಿನ್ ಐಡಲ್‌ನಲ್ಲಿದೆ. ಅಂದರೆ ಗಾಡಿ ನ್ಯೂಟ್ರಲ್‌ನಲ್ಲಿ ಜಾರುತ್ತಿದೆ. ಸ್ಟೇರಿಂಗ್ ಹಿಡಿದವರಿಗೆ ಇದು ಗುಟ್ಟೇನಲ್ಲ. ಇಳಿಜಾರಿನಲ್ಲಿ ಗೇರ್ ತೆಗೆದು ಡೀಸೆಲ್ ಉಳಿಸೋದು ಕ್ಲೀನರಿನಿಂದ ಕ್ಲೀನರಿಗೆ ಇಳಿದು ಬಂದ ವಿದ್ಯೆ. ಆಫೀಸು ಲೀಟರಿಗೆ ಇಷ್ಟು ಕಿಲೋಮೀಟರ್ ಅಂತ ಲೆಕ್ಕ ಹಾಕಿ ಡೀಸೆಲ್ ಕೊಡುತ್ತದೆ. ಉಳಿಸಿದ್ದು ಡ್ರೈವರಿನ ಜೇಬಿಗೆ. ಬಾಟಾ (ಟ್ರಿಪ್ಪಿನ ಭತ್ಯೆ) ದುಡ್ಡಿನಲ್ಲಿ ಊಟ ಚಹಾ ಕಳೆದರೆ ಏನುಳಿಯುತ್ತದೆ ಅಂತ ಗೊತ್ತಿದ್ದವರು ಆ ಆಸೆಯನ್ನು ಬೈಯಲಾರರು.

ಆದರೆ ಲೆಕ್ಕವೇ ತಪ್ಪು. ಈಗಿನ ಎಂಜಿನ್ನಿನಲ್ಲಿ ಗೇರ್ ಹಾಕಿಕೊಂಡೇ ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಇಂಜೆಕ್ಟರುಗಳು ಡೀಸೆಲ್ ಬಿಡೋದನ್ನೇ ನಿಲ್ಲಿಸುತ್ತವೆ. ಗಾಡಿಯ ಓಟವೇ ಎಂಜಿನ್ನನ್ನು ತಿರುಗಿಸುತ್ತದೆ. ನ್ಯೂಟ್ರಲ್ ಮಾಡಿದರೋ, ಎಂಜಿನ್ ಆರಿಹೋಗದಿರಲು ಡೀಸೆಲ್ ಕುಡಿಯಲೇಬೇಕು. ಬಾಯಿಮಾತಿಗೆ ಯಾರೂ ನಂಬಲಿಲ್ಲ. ಸರಿ, ದೊಡ್ಡಣ್ಣನ ಗಾಡಿಯಲ್ಲೇ ನಾನೂ ಹತ್ತಿದೆ. ಲ್ಯಾಪ್‌ಟಾಪ್ ಮಡಿಲಲ್ಲಿ. ಘಾಟಿಗೆ ಹೋಗುವ ಮುಂಚೆ, ಆಲೂರು ದಾಟಿ ಸಣ್ಣ ಇಳಿಜಾರು ಬಂದಲ್ಲಿ, ಹಿಂದೆ ಮುಂದೆ ಗಾಡಿ ಇಲ್ಲದಾಗ, ಅವರು ಗೇರಿನಲ್ಲೇ ಕಾಲು ತೆಗೆದರು. ತೆರೆಯ ಮೇಲೆ ಡೀಸೆಲ್ ಸೊನ್ನೆ. ಕ್ಷಣಮಾತ್ರ ನ್ಯೂಟ್ರಲ್ ಮಾಡಿದರು. ಗಂಟೆಗೆ ಎರಡು ಲೀಟರಿನ ಆಸುಪಾಸು ತೋರಿಸಿತು. ಅವರು ಒಂದು ಸಲ ನನ್ನ ಮುಖ ನೋಡಿದರು. "ಹಂಗಾದ್ರೆ ಇಷ್ಟ್ ವರ್ಷ ನಾನು ಯಾರ್ಗ್ ಉಳ್ಸಿದ್ದು?"

ಬ್ರೇಕಿನ ಲೆಕ್ಕ ಇದಕ್ಕಿಂತ ದೊಡ್ಡದು. ಸಕಲೇಶಪುರ ಸಮುದ್ರಮಟ್ಟದಿಂದ ಸುಮಾರು 950 ಮೀಟರ್ ಎತ್ತರದಲ್ಲಿದೆ. ಗುಂಡ್ಯ ಮುಟ್ಟುವಷ್ಟರಲ್ಲಿ ಅದರ ಬಹುಪಾಲನ್ನು ಇಳಿದಿರುತ್ತೇವೆ. 25 ಟನ್ ತೂಗುವ ಲಾರಿ 800 ಮೀಟರ್ ಕೆಳಗಿಳಿದರೆ ಬಿಡುಗಡೆಯಾಗುವ ಶಕ್ತಿ ಐದೂವರೆ ಲೀಟರ್ ಡೀಸೆಲ್ ಸುಟ್ಟರೆ ಬರುವ ಶಾಖಕ್ಕೆ ಸಮ. ಗಾಳಿ, ಟೈರು ಒಂದು ಪಾಲು ತಿನ್ನುತ್ತವೆ. ಉಳಿದದ್ದನ್ನು ಎಂಜಿನ್ ತಡೆಯಬೇಕು, ಇಲ್ಲ ಬ್ರೇಕ್ ಡ್ರಮ್ಮು ನುಂಗಬೇಕು. ನ್ಯೂಟ್ರಲ್ ಮಾಡಿದರೆ ಎಂಜಿನ್ನಿನ ಪಾಲೂ ಡ್ರಮ್ಮಿಗೇ. ಹೊಗೆಯ ದಾರಿ ತಡೆದು ಎಂಜಿನ್ನಿನಿಂದಲೇ ಗಾಡಿ ಹಿಡಿಯುವ ಎಕ್ಸಾಸ್ಟ್ ಬ್ರೇಕ್ ಇದ್ದೂ ಇಲ್ಲದ ಹಾಗೆ. ಡ್ರಮ್ ಕಾದರೆ ಹಿಗ್ಗಿ, ಅದನ್ನು ಉಜ್ಜಿ ಹಿಡಿಯುವ ಲೈನರಿನಿಂದ ದೂರ ಸರಿಯುತ್ತದೆ, ಲೈನರಿನ ಹಿಡಿತವೂ ಸೋಲುತ್ತದೆ. ಪೆಡಲ್ ತುಳಿದಷ್ಟೂ ಏರ್ ಟ್ಯಾಂಕಿನ ಗಾಳಿ ಖಾಲಿಯಾಗುತ್ತದೆ. ಗಾಳಿ ತುಂಬುವ ಕಂಪ್ರೆಸರ್ ಓಡೋದು ಎಂಜಿನ್ನಿನಿಂದಲೇ, ಅದು ಐಡಲ್‌ನಲ್ಲಿದ್ದರೆ ತುಂಬುವುದೂ ನಿಧಾನ. ಲೈನರ್ ಸುಟ್ಟ ವಾಸನೆ ಘಾಟಿಯಲ್ಲಿ ಮೂಗಿಗೆ ಬಡಿಯದ ಡ್ರೈವರೇ ಇಲ್ಲ. ಆ ವಾಸನೆ ಬಂದ ಮೇಲೆ ಉಳಿದಿರುವ ಹೊತ್ತು ಕಡಿಮೆ. ಹತ್ತಲು ಯಾವ ಗೇರ್ ಬೇಕಾಗುತ್ತದೋ ಅದೇ ಗೇರಿನಲ್ಲಿ ಇಳಿಯಬೇಕು ಅನ್ನೋ ಹಳೇ ಮಾತು ಬಂದಿರುವುದು ಈ ಲೆಕ್ಕದಿಂದಲೇ.

ದೊಡ್ಡಣ್ಣ ಒಪ್ಪಿದ್ದು ಉಳಿದವರಿಗೆ ಸಾಕಾಯಿತು. ನಾನು ಹೇಳಿದ್ದರೆ ಆಫೀಸಿನ ಮಾತಾಗುತ್ತಿತ್ತು. ಆ ಸೀಸನ್ನಿನ ಕೊನೆಗೆ ಗ್ಯಾರೇಜಿನಿಂದ ಲೈನರ್ ಬಿಲ್ಲು ಬರೋದು ಕಡಿಮೆಯಾಗಿದ್ದನ್ನು ಮೊದಲು ಗಮನಿಸಿದ್ದು ನಾನಲ್ಲ, ಲೆಕ್ಕ ಬರೆಯುವ ಹುಡುಗಿ. ಹಳೇ ಗಾಡಿಗಳಲ್ಲಿ ಆರ್‌ಪಿಎಂ ಕಾಣೋದಿಲ್ಲವಾದ್ದರಿಂದ ಅಲ್ಲಿ ಇನ್ನೂ ಏನು ನಡೆಯುತ್ತಿದೆಯೋ, ಅದು ಡ್ರೈವರಿಗೂ ದೇವರಿಗೂ ಬಿಟ್ಟದ್ದು.

ಅಂಕದ ಬದಲು ನಾವು ಮಾಡಿಕೊಂಡ ಪದ್ಧತಿ ಸರಳ. ಟ್ರಿಪ್ ಮುಗಿಸಿ ಬಂದ ಡ್ರೈವರ್ ಟ್ರಿಪ್ ಶೀಟ್ ಕೊಡುವಾಗ ಒಂದು ಚಹಾ ಕುಡಿಯುವಷ್ಟು ಹೊತ್ತು ಕೂರೋದು. ನಕ್ಷೆಯ ಮೇಲೆ ಒಂದೋ ಎರಡೋ ಕೆಂಪು ಚುಕ್ಕಿ ತೋರಿಸಿ, ಇಲ್ಲೇನಾಯ್ತು ಅಂತ ಕೇಳೋದು. ಯಾಕೆ ಮಾಡಿದೆ ಅಂತಲ್ಲ. ಅವರು ಹೇಳಿದ್ದನ್ನು ನಾನು ಅಲರ್ಟಿನ ಪಕ್ಕ ಬರೆಯುತ್ತೇನೆ. ಆ ಬರಹ ಓದಿದರೆ ನಮ್ಮ ಜಿಲ್ಲೆಯ ರಸ್ತೆಯೇ ಕಣ್ಣಿಗೆ ಕಟ್ಟುತ್ತದೆ. ಬಾಳ್ಳುಪೇಟೆ ಹತ್ತಿರ ಶಾಲೆ ಬಿಡುವ ಹೊತ್ತಿನ ಮಕ್ಕಳು. ಇಂಡಿಕೇಟರ್ ಹಾಕದೆ ಎಡಕ್ಕೆಳೆದ ಬಸ್ಸು. ಕಣದಲ್ಲಿ ಸಾಲದೆ ಡಾಂಬರಿನ ಮೇಲೆ ಹರಡಿದ ರಾಗಿ ತೆನೆ. ಬಿಕ್ಕೋಡು ರಸ್ತೆಯಲ್ಲಿ ಮುಸ್ಸಂಜೆ ಕಾಫಿ ತೋಟದಿಂದ ಇಳಿದು ಬಂದ ಆನೆಗಳು. ಅಲ್ಲಿ ಬ್ರೇಕ್ ಒತ್ತಿದ ಡ್ರೈವರಿಗೆ ಸಾಫ್ಟ್‌ವೇರ್ ಅಂಕ ಕಳೆದಿತ್ತು! ಇನ್ನು ಕೆಲವು ಚುಕ್ಕಿಗಳಿಗೆ ಉತ್ತರವೇ ಬರುತ್ತಿರಲಿಲ್ಲ, ತಲೆ ಕೆರೆದುಕೊಂಡು ನಗುತ್ತಿದ್ದರು. ಅದೂ ಉತ್ತರವೇ. ಫೋನ್ ಬಂದಿರುತ್ತದೆ.

ಕೆಲವು ಚುಕ್ಕಿಗಳು ಪೂರಾ ಸುಳ್ಳು. ಶಿರಾಡಿಯ ಕಾಡಿನಲ್ಲಿ ಮರ, ಬೆಟ್ಟ ಎರಡೂ ಸೇರಿ ಉಪಗ್ರಹದ ಸಂಕೇತವನ್ನು ಚದುರಿಸುತ್ತವೆ. ಒಂದು ರಾತ್ರಿ ನಮ್ಮ ಲಾರಿ ಕೆಂಪುಹೊಳೆಯ ನಡುವೆ ನಿಂತಂತೆ ಕಂಡು ನನ್ನ ಜೀವ ಬಾಯಿಗೆ ಬಂತು. ಫೋನಿಗೆ ಸಿಗ್ನಲ್ ಇಲ್ಲ. ಡಬ್ಬಿ ನೆಟ್‌ವರ್ಕ್ ಇಲ್ಲದಾಗ ಎಲ್ಲವನ್ನೂ ಒಳಗೆ ಕೂಡಿಟ್ಟುಕೊಂಡು, ನೆಲ್ಯಾಡಿ ಕಡೆ ಟವರ್ ಸಿಕ್ಕಾಗ ಒಟ್ಟಿಗೆ ಸುರಿಯುತ್ತದೆ. ಸುರಿದ ಮೇಲೆ ನೋಡಿದರೆ ಗಾಡಿ ರಸ್ತೆ ಬಿಟ್ಟು ಕದಲಿಲ್ಲ. ಇಂಥದ್ದು ಗೊತ್ತಿಲ್ಲದ ಮ್ಯಾನೇಜರ್ ಬರೀ ತೆರೆ ನೋಡಿ ಡ್ರೈವರಿಗೆ ಬೈದರೆ, ಆಮೇಲೆ ಅವನು ಹೇಳುವ ನಿಜವನ್ನೂ ಯಾರೂ ಕೇಳೋದಿಲ್ಲ.

ಬಹುಮಾನದ ಯೋಚನೆಯೂ ಬಂದಿತ್ತು. ಜೋರು ಬ್ರೇಕ್ ಕಡಿಮೆ ಇದ್ದವರಿಗೆ ತಿಂಗಳ ಕೊನೆಗೆ ಇನಾಮು. ಸಕಲೇಶಪುರದ ಹುಡುಗನೊಬ್ಬ ಚಹಾ ಕುಡಿಯುತ್ತಾ ಸಹಜವಾಗಿ ಅಂದ, "ನಾಯಿ ಅಡ್ಡ ಬಂತಣ್ಣ, ಒತ್ಲೋ ಬೇಡ್ವೋ ಅಂತ ಒಂದ್ ಗಳಿಗೆ ಡಬ್ಬಿ ನೆನಪಾಯ್ತು." ನನಗೆ ಚಳಿ ಬಂದಂತಾಯಿತು. ಬ್ರೇಕ್ ಒತ್ತಲು ಹಿಂಜರಿಯುವ ಡ್ರೈವರನ್ನು ತಯಾರು ಮಾಡುವ ಬಹುಮಾನ ಯಾರಿಗೆ ಬೇಕು? ನಾಯಿಯ ಜಾಗದಲ್ಲಿ ಮಗು ಇದ್ದರೆ? ಅವತ್ತೇ ಓನರಿಗೆ ಹೇಳಿ ಬ್ರೇಕನ್ನು ದುಡ್ಡಿನ ಲೆಕ್ಕದಿಂದ ತೆಗೆಸಿದೆ. ದುಡ್ಡು ಕೊಡೋದಿದ್ದರೆ ಡೀಸೆಲ್ ಉಳಿತಾಯದಲ್ಲಿ ಪಾಲು ಕೊಡಿ. ಗೇರಿನಲ್ಲಿ ಇಳಿದವನಿಗೆ ಅದು ತಾನಾಗೇ ಸಿಗುತ್ತದೆ ಅಂದೆ. ಈಗ ಹಾಗೇ ನಡೆಯುತ್ತಿದೆ.

ಖಾಸಗಿತನದ ಜಗಳ ಒಂದಾಯಿತು. ಚನ್ನರಾಯಪಟ್ಟಣ ಕಡೆಯ ಡ್ರೈವರ್ ಖಾಲಿ ಗಾಡಿ ತರುವಾಗ ಅಕ್ಕನ ಮನೆಯ ಮುಂದೆ ನಿಲ್ಲಿಸಿದ್ದ. ಆಫೀಸಿನಲ್ಲಿ ಯಾರೋ ನಾಲ್ಕು ಜನರೆದುರು, ಅಲ್ಲಿ ಯಾರಿದ್ದಾರೋ ಅಂತ ನಕ್ಕರು. ಮಾರನೇ ದಿನ ಯಾರೂ ಗಾಡಿ ತೆಗೆಯಲಿಲ್ಲ. ನ್ಯಾಯವಾಗಿಯೇ. ಕೊನೆಗೆ ಕನ್ನಡದಲ್ಲಿ ಒಂದು ಹಾಳೆ ಬರೆದೆವು. ಟ್ರಿಪ್ ಇಲ್ಲದ ಹೊತ್ತಿನದ್ದನ್ನು ಯಾರೂ ತೆರೆದು ನೋಡಬಾರದು. ಡ್ರೈವಿಂಗ್ ರಿಪೋರ್ಟ್ ನಾನು ಮತ್ತು ಆಯಾ ಡ್ರೈವರ್ ಬಿಟ್ಟು ಬೇರೆಯವರ ಕಣ್ಣಿಗೆ ಬೀಳಬಾರದು, ಪಾರ್ಟಿಗೆ ಗಾಡಿ ಎಲ್ಲಿದೆ ಅನ್ನೋದಷ್ಟೇ ಕಾಣಬೇಕು. ಮುಂದಿನ ರಸ್ತೆ ನೋಡುವ ಕ್ಯಾಮೆರಾ ಇರಲಿ, ಡ್ರೈವರ್ ಮುಖ ನೋಡುವ ಕ್ಯಾಮೆರಾ ಅವರನ್ನು ಕೇಳದೆ ಬರಬಾರದು. ಯಾವ ಮಾಹಿತಿಯನ್ನು ಯಾವುದಕ್ಕಾಗಿ ತೆಗೆದುಕೊಳ್ಳುತ್ತಿದ್ದೇವೆ ಅಂತ ಮೊದಲೇ ಹೇಳಬೇಕು ಅನ್ನೋದು 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯ ಆಶಯವೂ ಹೌದಂತೆ. ನಮಗೆ ಅದನ್ನು ಹೇಳಿಕೊಟ್ಟಿದ್ದು ಗಾಡಿ ತೆಗೆಯದೆ ಕೂತ ಡ್ರೈವರುಗಳು.

ಇಷ್ಟೆಲ್ಲ ಆದರೂ ಓವರ್‌ಸ್ಪೀಡ್ ಅಲರ್ಟು ಒಂದು ಮಟ್ಟಕ್ಕಿಂತ ಕೆಳಗೆ ಇಳಿಯಲೇ ಇಲ್ಲ. ಒಳ್ಳೆಯ ಡ್ರೈವರುಗಳದ್ದೇ ಕೆಲವು ರಾತ್ರಿ ಕೆಂಪಾಗುತ್ತಿತ್ತು, ಮಿಕ್ಕ ರಾತ್ರಿ ಇಲ್ಲ. ಮನುಷ್ಯ ಒಬ್ಬನೇ, ರಸ್ತೆ ಒಂದೇ. ನಾನು ಕೆಂಪು ರಾತ್ರಿಗಳನ್ನೆಲ್ಲ ಪಕ್ಕ ಪಕ್ಕ ಇಟ್ಟು, ಗಾಡಿ ಹಾಸನ ಬಿಟ್ಟ ಹೊತ್ತು ನೋಡಿದೆ. ಅಲ್ಲಿತ್ತು ಉತ್ತರ. ಮಧ್ಯಾಹ್ನ ಎರಡಕ್ಕೆ ಲೋಡಿಗೆ ಹೋದ ಗಾಡಿ ಸಂಜೆ ಆರಕ್ಕೆ ಹೊರಬಿದ್ದ ದಿನ ರಿಪೋರ್ಟು ತಣ್ಣಗಿದೆ. ಹಮಾಲರು ಸಿಗದೆ, ಬಿಲ್ಲು ಆಗದೆ, ತೂಕದ ಚೀಟಿ ಬರದೆ ರಾತ್ರಿ ಹತ್ತೂವರೆಗೆ ಗೇಟು ದಾಟಿದ ದಿನ ಕೆಂಪು. ಪಣಂಬೂರಿನಲ್ಲಿ ಇಳಿಸುವ ಹೊತ್ತು ಮಾತ್ರ ಬೆಳಗ್ಗೆ ಅಷ್ಟಕ್ಕೇ. ಗೋಡೌನಿನಲ್ಲಿ ಕಳೆದುಹೋದ ನಾಲ್ಕೂವರೆ ಗಂಟೆಯನ್ನು ಡ್ರೈವರ್ ರಸ್ತೆಯ ಮೇಲೆ ಹುಡುಕುತ್ತಿದ್ದ. ಎಲ್ಲಿ ಸಿಗಬೇಕು? ನೆಲ್ಯಾಡಿ, ಉಪ್ಪಿನಂಗಡಿ ನಡುವೆ, ಬೆಳಗಿನ ಜಾವ ಮೂರು ಗಂಟೆಗೆ, ಕಣ್ಣು ಎಳೆಯುವ ಹೊತ್ತಿನಲ್ಲಿ.

ಡಬ್ಬಿ ಇದನ್ನು ಡ್ರೈವರಿನ ಹೆಸರಿಗೆ ಬರೆದಿತ್ತು. ಬರೆಯಬೇಕಾದದ್ದು ಲೋಡಿಂಗ್ ಗೇಟಿನ ಹೆಸರಿಗೆ. 2025ರ ನವೆಂಬರ್ ತನಕ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ ಎಂಟು ಗಂಟೆ ಕೆಲಸ, ಐದು ಗಂಟೆಯೊಳಗೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಅನ್ನುತ್ತಿತ್ತು. ಲಾರಿ ಲೈನಿನಲ್ಲಿ ಲೋಡಿಗೆ ಕಾದ ಹೊತ್ತನ್ನು ಕೆಲಸ ಅಂತ ಎಣಿಸುವವರೇ ಕಡಿಮೆ. ಬಿಸಿಲಿಗೆ ಕಾದ ಕ್ಯಾಬಿನ್ನಿನಲ್ಲಿ ಸರದಿ ತಪ್ಪೀತೆಂದು ಎಚ್ಚರವಾಗಿ ಕೂತಿರೋದು ವಿಶ್ರಾಂತಿಯಂತೆ! ಗಾಡಿ ನಿಂತಿದೆ, ಇಗ್ನಿಷನ್ ಆಫ್, ಆದ್ದರಿಂದ ಡ್ರೈವರ್ ಮಲಗಿದ್ದಾನೆ ಅಂತ ಸಾಫ್ಟ್‌ವೇರೂ ನಂಬುತ್ತದೆ. ಈ ತಪ್ಪು ತಿಳಿವಳಿಕೆ ಇಟ್ಟುಕೊಂಡು ದಣಿವಿನ ಬಗ್ಗೆ ರಿಪೋರ್ಟು ಕೊಡುವ ಯಾವ ಕಂಪನಿಯನ್ನೂ ನಾನು ನಂಬಲಾರೆ.

ಆ ಹಾಳೆಗಳನ್ನು ತೆಗೆದುಕೊಂಡು ಓನರನ್ನು ಕರೆದುಕೊಂಡೇ ಲೋಡಿಂಗ್ ಕಡೆಯವರ ಹತ್ತಿರ ಹೋದೆ. ಮೊದಲ ಸಲ, ಡ್ರೈವರುಗಳೇ ಹೋಟೆಲಿನಲ್ಲಿ ಕೂತು ತಡ ಮಾಡ್ತಾರೆ ಅಂದರು. ಗಾಡಿ ಅವರ ಗೇಟಿನೊಳಗೆ ಎಷ್ಟು ಹೊತ್ತಿಗೆ ಹೋಯ್ತು, ಎಷ್ಟು ಹೊತ್ತಿಗೆ ಬಂತು ಅನ್ನೋದು ನಿಮಿಷ ನಿಮಿಷಕ್ಕೆ ನಮ್ಮ ಕೈಯಲ್ಲಿತ್ತು. ಮಾತು ಮುಂದುವರಿಯಲಿಲ್ಲ. ಅವರೂ ಕಷ್ಟದಲ್ಲಿದ್ದವರೇ; ಸೀಸನ್ನಿನಲ್ಲಿ ಆಳುಗಳಿಗೆ ಎಲ್ಲ ಕಡೆ ಬರ, ಅರೇಬಿಕಾ ಮುಗಿಯುವುದರೊಳಗೆ ರೊಬಸ್ಟಾ ಬಂದು ಅಂಗಳ ತುಂಬುತ್ತದೆ. ಕೊನೆಗೆ ಆದ ಒಪ್ಪಂದ ಇಷ್ಟು: ಘಾಟಿ ಇಳಿಯುವ ಗಾಡಿಗಳಿಗೆ ಬೆಳಗಿನ ಸರದಿ. ರಾತ್ರಿ ಒಂಬತ್ತು ದಾಟಿ ಗೇಟು ಬಿಟ್ಟ ಗಾಡಿ ಅವತ್ತು ಹಾಸನದಲ್ಲೇ ಉಳಿಯಬೇಕು, ಮಂಗಳೂರಿನವರಿಗೆ ಆಫೀಸಿನಿಂದಲೇ ಫೋನ್ ಹೋಗಬೇಕು. ಡ್ರೈವರ್ ಆ ಫೋನ್ ಮಾಡಬಾರದು. ಈ ಕೊನೆಯದು ದೊಡ್ಡಣ್ಣನ ಷರತ್ತು. ತಡವಾದದ್ದಕ್ಕೆ ಬೈಸಿಕೊಳ್ಳುವವನು ಬೇರೆಯವನಾದರೆ ಕಾಲು ತಾನಾಗೇ ಹಗುರಾಗುತ್ತದೆ ಅಂತ ಅವರ ಅಭಿಪ್ರಾಯ.

ಬಜರು, ಅಂಕ, ಗೋಡೆಯ ಪಟ್ಟಿ ಇವೆಲ್ಲ ಸೇರಿ ಕೆಳಗಿಳಿಸದ ವೇಗವನ್ನು ಈ ಒಂದು ಸರದಿ ಬದಲಾವಣೆ ಇಳಿಸಿತು. ಅಪಘಾತ ಕಡಿಮೆಯಾಯಿತು ಅಂತ ಮಾತ್ರ ನಾನು ಎದೆ ತಟ್ಟಿಕೊಳ್ಳೋದಿಲ್ಲ. ಕೆಲವೇ ಗಾಡಿಗಳಿರುವ ಕಂಪನಿಯಲ್ಲಿ ಒಂದು ವರ್ಷ ಏನೂ ಆಗದಿರುವುದು ಅದೃಷ್ಟವೂ ಇರಬಹುದು. ಘಾಟಿಯಲ್ಲಿ ಗೇರಿನಲ್ಲಿ ಇಳಿಯುವ ಗಾಡಿಗಳು ಹೆಚ್ಚಾದವು, ಬೆಳಗಿನ ಜಾವದ ಕೆಂಪು ಚುಕ್ಕಿಗಳು ಕಮ್ಮಿಯಾದವು. ಇವೆರಡಕ್ಕೆ ನನ್ನ ಹತ್ತಿರ ದಾಖಲೆ ಇದೆ.

ವಾಪಸ್ ಲೋಡಿನ ಕಡೆ ಇನ್ನೂ ಏನೂ ಆಗಿಲ್ಲ. ಮಂಗಳೂರಿನಿಂದ ಗೊಬ್ಬರ ತುಂಬಿಕೊಂಡು ಬರುವಾಗ ಅಲ್ಲಿನ ಸರದಿ ನಮ್ಮ ಕೈಯಲ್ಲಿಲ್ಲ. ಹತ್ತುವ ಗಾಡಿಗೆ ಬ್ರೇಕಿನ ಭಯ ಇಲ್ಲ ನಿಜ. ಘಾಟಿಯಲ್ಲಿ ಇಳಿಯುವವರು ಹತ್ತುವವರಿಗೆ ದಾರಿ ಬಿಡಬೇಕು ಅಂತ ನಿಯಮವೇ ಇದ್ದರೂ, ಎದುರಿನಿಂದ ಟೂರಿಸ್ಟ್ ಕಾರುಗಳು ನುಗ್ಗುವ ಶನಿವಾರ ಭಾನುವಾರ ನಮ್ಮ ಗ್ರಾಫಿನಲ್ಲಿ ಬೇರೆಯದೇ ಬಣ್ಣ ಕಾಣುತ್ತದೆ. ಅದಕ್ಕೆ ನಮ್ಮ ಡಬ್ಬಿಯಲ್ಲಿ ಮದ್ದಿಲ್ಲ.

ಅರಸೀಕೆರೆ ಲೈನಿನ ಆ ಹುಡುಗ ಈಚೆಗೆ ಕೆಲಸ ಬಿಟ್ಟು ದೊಡ್ಡ ಕಂಪನಿಯೊಂದಕ್ಕೆ ಹೊರಟ. ಹೋಗುವಾಗ ತನ್ನ ಡ್ರೈವಿಂಗ್ ರಿಪೋರ್ಟಿನ ಪ್ರಿಂಟ್ ಬೇಕು ಅಂದ. ಓನರಿಗೆ ಅದು ವಿಚಿತ್ರ ಅನ್ನಿಸಿತು. ಓಡಿಸಿದ್ದು ಅವನು, ರಿಪೋರ್ಟೂ ಅವನದೇ ಅಲ್ಲವೇ ಅಂತ ನಾನು ಪ್ರಿಂಟ್ ತೆಗೆದು ಸೀಲು ಹೊಡೆದು ಕೊಟ್ಟೆ. ಲೈಸೆನ್ಸು, ಬ್ಯಾಡ್ಜು ಬಿಟ್ಟರೆ ಲಾರಿ ಡ್ರೈವರಿಗೆ ತಾನು ಚೆನ್ನಾಗಿ ಓಡಿಸುತ್ತೇನೆ ಅಂತ ತೋರಿಸುವ ಕಾಗದ ಇದುವರೆಗೆ ಏನಿತ್ತು?

ಈಗ ಡಬ್ಬಿಯವನು ಮತ್ತೆ ಬಂದಿದ್ದಾನೆ. ಡ್ರೈವರ್ ಕಣ್ಣು ಮುಚ್ಚಿದರೆ ಕೂಗುವ ಕ್ಯಾ­ಮೆರಾ ಇದೆಯಂತೆ. ಡ್ರೈವರುಗಳನ್ನು ಕೂರಿಸಿ ಕೇಳಿದೆವು. ಅರ್ಧ ಜನ ಬೇಡ ಅಂದರು, ದೊಡ್ಡಣ್ಣ ನನ್ನ ಗಾಡಿಗೆ ಹಾಕಿ ನೋಡೋಣ ಅಂದರು. ಅದನ್ನು ಕೊಳ್ಳುವ ಮುಂಚೆ, ರಾತ್ರಿ ಎರಡರಿಂದ ಐದರ ತನಕ ಎಲ್ಲ ಗಾಡಿಗಳನ್ನೂ ಎಲ್ಲಾದರೂ ನಿಲ್ಲಿಸಿ ಮಲಗಿಸಿದರೆ ಎಷ್ಟು ಖರ್ಚು ಬೀಳುತ್ತೆ ಅಂತ ಲೆಕ್ಕ ಹಾಕಿ ಎಂದು ಓನರಿಗೆ ಹೇಳಿದ್ದೇನೆ. ಅವರು ಇನ್ನೂ ಹಾಕುತ್ತಿದ್ದಾರೆ.